ಹಸಿವಿಗೆ ಮೊದಲು

ಮೊಟ್ಟೆಯೊಡೆದು ಬಂದ ಸಿಗಡಿ ಮರಿ ಸುಮಾರು ಎರಡು ದಿನ ಏನನ್ನೂ ತಿನ್ನುವುದಿಲ್ಲ. ತಾಯಿ ಕಟ್ಟಿಕೊಟ್ಟ ಬುತ್ತಿ ಅದರ ಒಡಲೊಳಗೇ ಇರುತ್ತದೆ. ಆ ಬುತ್ತಿ ಕರಗಿ ಮರಿ ‘ಜೋಯಿಯಾ’ ಎಂಬ ಹಂತಕ್ಕೆ ಬಂದ ಕೂಡಲೇ ಹಸಿವು. ಅಟ್ಟಿಸಿಕೊಂಡು ಹೋಗಿ ಹಿಡಿಯುವ ಕಸುವು ಇನ್ನೂ ಬಂದಿಲ್ಲ. ಈಜುವ ದಾರಿಯಲ್ಲಿ ಸಿಕ್ಕ ಕಣಗಳನ್ನು ಸೋಸಿ ತಿನ್ನುವುದಷ್ಟೇ ಅದಕ್ಕೆ ಗೊತ್ತು. ಆ ಹೊತ್ತಿಗೆ ಸುತ್ತಲಿನ ನೀರಲ್ಲಿ ಸೂಕ್ಷ್ಮಪಾಚಿ ತೇಲುತ್ತಿರಲೇಬೇಕು.

ಈ ಬೆಳಿಗ್ಗೆ ನನ್ನ ಮನಸ್ಸು ನಿಂತಿರುವುದು ಇಲ್ಲಿಯೇ. ಹಸಿವು ಹುಟ್ಟಿದ ಮೇಲೆ ಅನ್ನಕ್ಕೆ ಹೊರಟರೆ ಮರಿ ಉಳಿಯದು. ಅದಕ್ಕೇ ಸಿಗಡಿ ಮರಿ ಮಾಡಿಸುವ ಹ್ಯಾಚರಿಗಳಲ್ಲಿ ತಾಯಿ ಸಿಗಡಿ ಮೊಟ್ಟೆಯಿಡುವ ಎಷ್ಟೋ ದಿನ ಮೊದಲೇ ಪಾಚಿ ಕೋಣೆಯಲ್ಲಿ ಕೆಲಸ ಶುರುವಾಗಿರುತ್ತದೆ. ಅಲ್ಲಿ ಹೆಚ್ಚಾಗಿ ಬೆಳೆಸುವುದು ಕೀಟೊಸೆರಾಸ್ ಎಂಬ ಡಯಾಟಮ್ ಬಗೆಯ ಸೂಕ್ಷ್ಮಪಾಚಿ. ಗಾತ್ರ ಮಿಲಿಮೀಟರಿನ ನೂರನೇ ಒಂದು ಭಾಗಕ್ಕಿಂತ ಕಡಿಮೆ. ಮೈಗೆ ಸಿಲಿಕಾದ ಚಿಪ್ಪು, ಹಾಗಾಗಿ ನೀರಿಗೆ ನೈಟ್ರೇಟ್, ಫಾಸ್ಫೇಟ್ ಜೊತೆ ಸಿಲಿಕೇಟನ್ನೂ ಬೆರೆಸಬೇಕು. ಪ್ರನಾಳದಿಂದ ಫ್ಲಾಸ್ಕಿಗೆ, ಫ್ಲಾಸ್ಕಿನಿಂದ ದೊಡ್ಡ ಕ್ಯಾನಿಗೆ, ಕ್ಯಾನಿನಿಂದ ತೊಟ್ಟಿಗೆ ಅದನ್ನು ದಾಟಿಸುತ್ತಾ ಹೋಗುತ್ತಾರೆ. ಬಿರುಸಾಗಿ ಬೆಳೆಯುತ್ತಿರುವಾಗಲೇ ದಾಟಿಸಬೇಕು. ಬಣ್ಣ ಚೆನ್ನಾಗಿ ಕಟ್ಟಿದೆಯೆಂದು ಹಿಗ್ಗಿ ಸುಮ್ಮನೆ ಬಿಟ್ಟರೆ ಪೋಷಕಾಂಶ ತೀರಿ, ಕೋಶಗಳು ಸೊರಗಿ ತಳ ಸೇರುತ್ತವೆ. ಸಮೃದ್ಧಿಯನ್ನು ಕೂಡಿಡಲು ಬಿಡದ ಈ ಬೇಸಾಯ ನನಗೆ ಬಹಳ ಪ್ರಿಯ.

1934ರಲ್ಲಿ ಜಪಾನಿನ ವಿಜ್ಞಾನಿ ಮೊತೊಸಾಕು ಫುಜಿನಾಗ ಕುರುಮಾ ಸಿಗಡಿ ಮನುಷ್ಯರ ಆರೈಕೆಯಲ್ಲೇ ಮೊಟ್ಟೆಯಿಡುವಂತೆ ಮಾಡಿದರು. ಮರಿಗಳು ಬಂದವು ನಿಜ, ಅವನ್ನು ಉಳಿಸಿ ಬೆಳೆಸುವುದು ಬೇರೆಯೇ ಕಷ್ಟ. ಸ್ಕೆಲೆಟೊನೆಮಾ ಎಂಬ ಡಯಾಟಮನ್ನು ಬೆಳೆಸಿ ಉಣಿಸುವುದು ಕೈಗೂಡಿದ ಮೇಲೆ ಮರಿಗಳು ಮುಂದಿನ ಹಂತ ಕಂಡವು. ಅವರ ಅಧ್ಯಯನ ಪ್ರಕಟವಾದದ್ದು 1942ರಲ್ಲಿ. ಸಿಗಡಿ ಕೃಷಿಯ ಕಥೆ ಹೇಳುವಾಗ ಮೊಟ್ಟೆಯಿಡಿಸಿದ ಸಾಹಸ ಮೊದಲು ಬರುತ್ತದೆ. ನನಗೆ ಉಣಿಸಿದ್ದೇ ದೊಡ್ಡದಾಗಿ ಕಾಣುತ್ತದೆ.

ಕಣ್ಣಿಗೆ ಕಾಣದಷ್ಟು ಸಣ್ಣ ತುತ್ತನ್ನು ಮರಿ ತಿಂದಿತೋ ಇಲ್ಲವೋ ತಿಳಿಯುವುದು ಹೇಗೆ? ತೊಟ್ಟಿಯ ನೀರನ್ನು ಗಾಜಿನ ಬೀಕರಿನಲ್ಲಿ ಎತ್ತಿ ಬೆಳಕಿಗೆ ಹಿಡಿಯುತ್ತಾರೆ. ಹೊಟ್ಟೆ ತುಂಬಿದ ಜೋಯಿಯಾ ತನ್ನ ಹಿಂದೆ ಮಲದ ನೀಳ ಎಳೆಯೊಂದನ್ನು ಎಳೆದುಕೊಂಡೇ ಈಜುತ್ತದೆ. ಅನುಭವಿ ಕೆಲಸಗಾರರು ಮೊದಲು ಹುಡುಕುವುದು ಅದನ್ನೇ. ಎಳೆ ಕಾಣದಿದ್ದರೆ, ನಡುರಾತ್ರಿಯಾದರೂ ಸರಿ, ನೀರಿನಲ್ಲಿ ಉಳಿದ ಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸಿ, ಕಡಿಮೆಯಿದ್ದರೆ ಮತ್ತಷ್ಟು ಪಾಚಿ ಸುರಿದು, ಆಮೇಲೆ ಮುಂದಿನ ತೊಟ್ಟಿಗೆ ಹೋಗುತ್ತಾರೆ.