ವ್ರತನಿಷ್ಠೆಯೂ ದೂರದ ವೈದ್ಯನೂ

ತೀರ್ಥಹಳ್ಳಿ ತಾಲ್ಲೂಕಿನ ಅರಳಸುರಳಿಯಂತಹ ಊರಿನಿಂದ ಭಾದ್ರಪದದ ಮಳೆಯಲ್ಲಿ ಶಿವಮೊಗ್ಗಕ್ಕೋ ಮಣಿಪಾಲಕ್ಕೋ ಹೋಗಿ ಮಧುಮೇಹ ತಜ್ಞರನ್ನು ಕಂಡುಬರಲು ಇಡೀ ದಿನ ಬೇಕು. ದಶಲಕ್ಷಣ ಪರ್ವವೂ ಅದೇ ಮಾಸದಲ್ಲಿ. ಏಕಭುಕ್ತ, ಉಪವಾಸಗಳ ಆ ದಿನಗಳು ಒಂದನೆಯ ಬಗೆಯ ಮಧುಮೇಹವುಳ್ಳ ಶ್ರಾವಕನಿಗೆ ಕಠಿನ ಪರೀಕ್ಷೆ. ಅವನ ದೇಹ ತಾನಾಗಿ ಇನ್ಸುಲಿನ್ ತಯಾರಿಸಲಾರದು. ಉಪವಾಸವೆಂದು ಚುಚ್ಚುಮದ್ದನ್ನೂ ಪೂರ್ತಿ ಬಿಟ್ಟರೆ ರಕ್ತವು ಆಮ್ಲಮಯವಾಗಿ ಪ್ರಾಣಕ್ಕೇ ಅಪಾಯ; ಎಂದಿನಷ್ಟೇ ಚುಚ್ಚಿಕೊಂಡು ಉಣ್ಣದಿದ್ದರೆ ಸಕ್ಕರೆ ಕುಸಿದು ಪ್ರಜ್ಞೆ ತಪ್ಪೀತು.

ದೂರದಿಂದಲೇ ನಡೆಯುವ ವೈದ್ಯಕೀಯ ಸಮಾಲೋಚನೆ ಇಲ್ಲಿ ನೆರವಾಗಬಲ್ಲದು. ಕರ್ನಾಟಕಕ್ಕೆ ಇದು ಹೊಸದಲ್ಲ. 2002ರಲ್ಲಿಯೇ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಗೆ ಉಪಗ್ರಹದ ಮೂಲಕ ಬೆಂಗಳೂರಿನ ನಾರಾಯಣ ಹೃದಯಾಲಯದ ಸಂಪರ್ಕ ದೊರೆತಿತ್ತು. 2020ರ ಮಾರ್ಚಿಯಲ್ಲಿ ಕೇಂದ್ರ ಸರ್ಕಾರ ಇದಕ್ಕೆ ನಿಯಮಾವಳಿಯನ್ನೂ ಪ್ರಕಟಿಸಿತು. ಮೀಟರಿನ ಅಂಕಿ, ಚುಚ್ಚಿಕೊಂಡ ಯೂನಿಟ್ಟು, ಉಂಡ ಅನ್ನದ ಅಳತೆ ಇವೆಲ್ಲ ದೂರವಾಣಿಯಲ್ಲಿ ಹೇಳಬಹುದಾದ ಸಂಗತಿಗಳು.

ಆದರೆ ಹೇಳಿದಷ್ಟೇ ವೈದ್ಯನಿಗೆ ಕಾಣುವುದು. ಬೇಡವೆಂದಾರೆಂಬ ಅಂಜಿಕೆಯಿಂದ ವ್ರತವನ್ನು ಮುಚ್ಚಿಡುವವರಿದ್ದಾರೆ. ಈ ಮೌನ ಸತ್ಯಾಣುವ್ರತಕ್ಕೆ ಒಪ್ಪುವುದೇ? ಒಪ್ಪದು. ಧರ್ಮವನ್ನು ರಕ್ಷಿಸಲೆಂದು ಧರ್ಮದ ಇನ್ನೊಂದು ಅಂಗವನ್ನೇ ಕಡಿದಂತಾಯಿತು. ಪರ್ವಕ್ಕೆ ಎರಡು ಮೂರು ವಾರ ಮುಂಚೆಯೇ ತನ್ನ ಸಂಕಲ್ಪವನ್ನು ತಿಳಿಸಿದರೆ, ಎಷ್ಟು ನಿಯಮ ಸಾಧ್ಯ, ಮದ್ದನ್ನು ಎಷ್ಟು ಇಳಿಸಬೇಕು ಎಂಬುದನ್ನು ವೈದ್ಯರು ನಿರ್ಧರಿಸಬಲ್ಲರು. ಉಪವಾಸ ಸಲ್ಲದೆಂದರೆ ರಸತ್ಯಾಗವಿದೆ, ಸ್ವಾಧ್ಯಾಯವಿದೆ. ತಪಸ್ಸಿಗೆ ಒಂದೇ ಬಾಗಿಲಲ್ಲ.

ಇನ್ನೂ ಕಠಿನವಾದದ್ದು ರಾತ್ರಿಭೋಜನ ತ್ಯಾಗದ ಪ್ರಶ್ನೆ. ನಡುರಾತ್ರಿ ಸಕ್ಕರೆ 70 ಮಿಲಿಗ್ರಾಂಗಿಂತ ಕೆಳಗಿಳಿದರೆ ಸುಮಾರು 15 ಗ್ರಾಂ ಸಕ್ಕರೆ ಕೂಡಲೇ ಹೊಟ್ಟೆಗೆ ಹೋಗಬೇಕು, 15 ನಿಮಿಷದ ಬಳಿಕ ಮತ್ತೆ ಪರೀಕ್ಷಿಸಬೇಕು. ಸೂರ್ಯೋದಯಕ್ಕೆ ಕಾಯುವಂತಿಲ್ಲ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸಲ್ಲೇಖನಕ್ಕೆ ಹೇಳಿರುವ ಕಾರಣಗಳಲ್ಲಿ ರೋಗವೂ ಒಂದು. ಆದರೆ ಅದು ಪ್ರತೀಕಾರವಿಲ್ಲದ ರೋಗ. ಒಂದು ಲೋಟ ಸಕ್ಕರೆನೀರಿನಿಂದ ನಿವಾರಣೆಯಾಗುವ ಆಪತ್ತಿನಲ್ಲಿ ಪ್ರಾಣ ಕಳೆದುಕೊಳ್ಳುವುದನ್ನು ವ್ರತನಿಷ್ಠೆ ಎನ್ನಲಾಗದು, ಅದು ಪ್ರಮಾದ. ವ್ರತ ತೆಗೆದುಕೊಳ್ಳುವಾಗಲೇ ಔಷಧಕ್ಕೆ ವಿನಾಯಿತಿ ಇರಿಸಿಕೊಳ್ಳುವುದು ವಿವೇಕ.

ಆ ಹೊತ್ತಿನಲ್ಲಿ ದೂರದ ವೈದ್ಯ ಲೋಟ ಹಿಡಿಯಲಾರ. ಮಲೆನಾಡಿನ ಮಳೆಗಾಲದಲ್ಲಿ ವಿದ್ಯುತ್ತು, ದೂರವಾಣಿ ಎರಡೂ ಕೈಕೊಡುವುದುಂಟು. ಬಸದಿಗಳ ಟ್ರಸ್ಟುಗಳು ಔಷಧದಾನದ ಹಣದಲ್ಲಿ ಪರೀಕ್ಷಾಪಟ್ಟಿಗಳನ್ನು ಒದಗಿಸಬಹುದು. ರೋಗಿಯ ಮಂಚದ ಬಳಿ ಸಕ್ಕರೆಯ ಡಬ್ಬಿ ಇರಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ತಕ್ಷಣ ಆಸ್ಪತ್ರೆಗೆ ಒಯ್ಯಬೇಕೆಂಬುದು ಮನೆಯವರೆಲ್ಲರಿಗೂ ತಿಳಿದಿರಬೇಕು.