ಅನ್ನಪಾನನಿರೋಧ: ಒಂದು ಬೆಕ್ಕಿನ ನಿಮಿತ್ತ

ವಿಜಯಪುರದ ಪಶ್ಚಿಮಕ್ಕೆ ಕೆಲವೇ ಮೈಲಿಗಳಾಚೆ, ನರಸಿಂಹ ದೇವಾಲಯದಿಂದಲೂ ಕುಮಾರವಾಲ್ಮೀಕಿಯ ರಾಮಾಯಣದಿಂದಲೂ ನಾಡಿಗೆಲ್ಲ ಪರಿಚಿತವಾದ ತೊರವಿಯಲ್ಲಿ ಒಂದು ಶ್ರಾವಕರ ಮನೆ ಇದೆಯೆಂದು ಭಾವಿಸೋಣ. ಮನೆಯ ಹಿರಿಯಾಕೆ ಅಷ್ಟಮಿ ಚತುರ್ದಶಿಗಳಲ್ಲಿ ಉಪವಾಸವಿರುವವಳು. ಸೂರ್ಯಾಸ್ತದ ಅನಂತರ ಅಲ್ಲಿ ಒಲೆ ಉರಿಯುವುದಿಲ್ಲ. ಸೋಸದ ನೀರು ಬಳಕೆಗೆ ಬರುವುದಿಲ್ಲ. ಎಂಟು ವರ್ಷಗಳ ಹಿಂದೆ ಜೋಳದ ಚೀಲಗಳಿಗೆ ಇಲಿಯ ಕಾಟ ಹೆಚ್ಚಿದ್ದಾಗ ಎಲ್ಲಿಂದಲೋ ಬಂದ ಬೆಕ್ಕಿನ ಮರಿಯೊಂದನ್ನು ಯಾರೂ ಓಡಿಸಲಿಲ್ಲ. ಹಾಲಿನಲ್ಲಿ ಕಿವುಚಿದ ರೊಟ್ಟಿಯನ್ನು ತಿಂದು, ಉಳಿದುದನ್ನು ಹಗೇವು ಹಿತ್ತಿಲುಗಳಲ್ಲಿ ತಾನೇ ದೊರಕಿಸಿಕೊಂಡು ಅದು ದಪ್ಪಗೆ ಬೆಳೆಯಿತು. ಅದು ಹೊರಗೆ ಏನು ತಿನ್ನುತ್ತದೆಂದು ಮನೆಯವರು ಕೇಳಿಕೊಳ್ಳಲಿಲ್ಲ. ಕೇಳಿಕೊಳ್ಳದಿರುವುದು ಅನುಕೂಲವೂ ಆಗಿತ್ತು.

ಇತ್ತೀಚೆಗೆ ಆ ಬೆಕ್ಕು ಬೋಗುಣಿಗಟ್ಟಲೆ ನೀರು ಕುಡಿಯತೊಡಗಿತು. ಮೂತ್ರ ಹೆಚ್ಚಿತು. ತಿನ್ನುವುದು ಕಡಿಮೆಯಾಗದಿದ್ದರೂ ಬೆನ್ನೆಲುಬು ಕೈಗೆ ಹತ್ತುವಂತಾಯಿತು. ಹಿಂಗಾಲಿನ ಹಿಮ್ಮಡಿಯನ್ನು ನೆಲಕ್ಕೆ ಊರಿ ನಡೆಯಲಾರಂಭಿಸಿತು. ವಿಜಯಪುರದ ಪಶುವೈದ್ಯರು ರಕ್ತ, ಮೂತ್ರಗಳನ್ನು ಪರೀಕ್ಷಿಸಿ ಮಧುಮೇಹವೆಂದರು. ಹನ್ನೆರಡು ತಾಸಿಗೊಮ್ಮೆ ಇನ್ಸುಲಿನ್ ಸೂಜಿ ಚುಚ್ಚಬೇಕು. ಹಾಲು ರೊಟ್ಟಿಗಳನ್ನು ಬಿಡಿಸಿ, ಬೆಕ್ಕಿಗೆ ಸಹಜವಾದ ಮಾಂಸದ ಆಹಾರವನ್ನು ಕೊಡಬೇಕು.

ಅಂದು ಸಂಜೆ ಅತ್ತೆಯು ಹೇಳಿದ ಮಾತು ಇಷ್ಟು: “ನಾಕ ದಿನಾ ಉಪಾಸ ಇಟ್ರ ಸಕ್ಕರಿ ತಾನ ಇಳಿತೈತಿ. ಉಪಾಸದಿಂದ ಯಾರಿಗೆ ಕೇಡಾಗೈತಿ?”

ಸೊಸೆ ಹೇಳಿದಳು: “ಅತ್ತಿ, ಉಪಾಸ ನೀವು ಮಾಡ್ತೀರಿ. ಅದಕ್ಕ ನಾವು ಮಾಡಿಸಿದ್ರ ಅದು ಉಪಾಸ ಆಗತೈತೇನ್ರಿ?”

ಈ ಪ್ರಶ್ನೆ ಬೆಕ್ಕಿನ ವಿಷಯದ್ದಷ್ಟೇ ಎಂದು ತಳ್ಳಿಹಾಕುವಂತಿಲ್ಲ. ವ್ರತವೆಂದರೇನೆಂಬ ಪ್ರಶ್ನೆಯೇ ಇದು.

ಮೊದಲು ದೇಹದ ಸಂಗತಿಯನ್ನು ನೋಡಬೇಕು. ಮನುಷ್ಯನು ಕೆಲವು ದಿನ ಆಹಾರವನ್ನು ತ್ಯಜಿಸಿ ಇರಬಲ್ಲನು. ಕೊಬ್ಬಿದ ಬೆಕ್ಕು ಕೆಲವೇ ದಿನ ತಿನ್ನದಿದ್ದರೆ ಮೈಯ ಕೊಬ್ಬೆಲ್ಲ ಯಕೃತ್ತಿಗೆ ನುಗ್ಗಿ ಅದು ಕೆಟ್ಟು, ಪ್ರಾಣಕ್ಕೇ ಅಪಾಯವಾಗುತ್ತದೆ. ಇನ್ಸುಲಿನ್ ಇಲ್ಲದ ಮಧುಮೇಹಿ ಬೆಕ್ಕಿನಲ್ಲಿ ಕೊಬ್ಬು ಕರಗಿ ಹುಟ್ಟುವ ಆಮ್ಲಗಳು ರಕ್ತವನ್ನು ವಿಷಮಯಗೊಳಿಸುತ್ತವೆ. ಆದುದರಿಂದ ಹಿರಿಯಾಕೆಯ ಸದ್ಭಾವದ ಔಷಧವು ಆ ಪ್ರಾಣಿಗೆ ಮೃತ್ಯುವೇ ಸರಿ. ಹಸಿವೆಯಿಂದ ಮಧುಮೇಹವನ್ನು ಹಿಡಿದಿಡುವ ಪ್ರಯತ್ನ ಮನುಷ್ಯರಲ್ಲಿಯೂ ನಡೆದದ್ದುಂಟು. ಇನ್ಸುಲಿನ್ ದೊರೆಯುವ ಮುನ್ನ, 1915ರ ಸುಮಾರಿನಿಂದ, ಅಮೆರಿಕದ ಫ್ರೆಡರಿಕ್ ಆಲೆನ್ ಎಂಬ ವೈದ್ಯನು ರೋಗಿಗಳನ್ನು ಅರೆಹೊಟ್ಟೆಯಲ್ಲಿರಿಸಿ ಅವರ ಆಯುಷ್ಯವನ್ನು ಸ್ವಲ್ಪ ಎಳೆದನು. ಮಕ್ಕಳು ಎಲುಬಿನ ಹಂದರಗಳಾಗಿ ಕಾಲ ನೂಕಿದರು. ಬೇರೆ ಉಪಾಯವಿಲ್ಲದ ಕಾಲದ ಮಾತದು.

ಇನ್ನು ಶಾಸ್ತ್ರ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಹೇಳಿದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಇವು ಬೇಟೆಗಾರನಿಗೋ ಕಟುಕನಿಗೋ ಹೇಳಿದವಲ್ಲ, ಎತ್ತು ಎಮ್ಮೆಗಳನ್ನು ಸಾಕಿಕೊಂಡಿರುವ ಗೃಹಸ್ಥನಿಗೆ ಹೇಳಿದವು. ತನ್ನ ಕೈಕೆಳಗಿರುವ ಜೀವವನ್ನು ಹಸಿವು ಬಾಯಾರಿಕೆಗಳಲ್ಲಿ ಇರಿಸಿದವನು, ಕತ್ತಿ ಹಿಡಿಯದಿದ್ದರೂ, ವ್ರತವನ್ನು ಮಲಿನಗೊಳಿಸಿದನೆಂಬುದು ಆಚಾರ್ಯರ ನಿರ್ಣಯ. ಉಪವಾಸವೂ ಅನ್ನಪಾನನಿರೋಧವೂ ಹೊರಗಿನಿಂದ ನೋಡಿದರೆ ಒಂದೇ: ಹೊಟ್ಟೆ ಖಾಲಿ. ಮೊದಲನೆಯದರಲ್ಲಿ ಹಸಿದವನೇ ಸಂಕಲ್ಪ ಮಾಡಿದವನು. ಎರಡನೆಯದರಲ್ಲಿ ಸಂಕಲ್ಪ ಒಬ್ಬನದು, ಹಸಿವು ಇನ್ನೊಬ್ಬನದು.

ಇಲ್ಲಿ ಒಬ್ಬ ಸ್ವಾಧ್ಯಾಯಶೀಲನು ಆಕ್ಷೇಪಿಸಬಹುದು. ಭಗವಾನ್ ಮಹಾವೀರನ ಜೀವವು ಪೂರ್ವಭವದಲ್ಲಿ ಸಿಂಹವಾಗಿದ್ದಾಗ ಚಾರಣಮುನಿಗಳ ಉಪದೇಶವನ್ನು ಕೇಳಿ ಮಾಂಸವನ್ನು ತ್ಯಜಿಸಿ ನಿರಾಹಾರವಾಗಿ ದೇಹವನ್ನು ಬಿಡಲಿಲ್ಲವೇ? ಸಂಜ್ಞೀ ಪಂಚೇಂದ್ರಿಯ ತಿರ್ಯಂಚವು ಐದನೆಯ ಗುಣಸ್ಥಾನದವರೆಗೆ ಏರಬಲ್ಲದಲ್ಲವೇ? ನಿಜ. ಆದರೆ ಮುನಿಗಳು ಸಿಂಹವನ್ನು ಕಟ್ಟಿಹಾಕಲಿಲ್ಲ, ಅದರ ಮುಂದಿದ್ದ ಬೇಟೆಯನ್ನು ಕಸಿದುಕೊಳ್ಳಲೂ ಇಲ್ಲ. ಅವರು ಹೇಳಿದರು, ಅದು ತಿಳಿಯಿತು, ತಾನೇ ಬಿಟ್ಟಿತು. ತೊರವಿಯ ಬೆಕ್ಕು ತಿಳಿದು ಬಿಟ್ಟ ದಿನ ಅದರ ವ್ರತಕ್ಕೆ ಎಲ್ಲರೂ ಕೈಮುಗಿಯೋಣ. ಅಲ್ಲಿಯವರೆಗೆ ಅದರ ಬೋಗುಣಿಯನ್ನು ಖಾಲಿಯಿಡುವವರು ಸಿಂಹದ ಕಥೆಯನ್ನು ಮುಂದೊಡ್ಡುವುದು ಉಚಿತವಲ್ಲ.

ಸೂಜಿಯ ವಿಷಯ ಇಷ್ಟು ಕಠಿನವಲ್ಲ. ದಿನಕ್ಕೆರಡು ಬಾರಿ ಮೂಕಪ್ರಾಣಿಯ ಚರ್ಮವನ್ನು ಚುಚ್ಚುವುದು ಛೇದವಲ್ಲವೇ ಎಂದು ಕೆಲವರು ಅಂಜುವರು. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಕರುಣೆಯಿಂದ ಸಂಯಮಿಯೊಬ್ಬನ ಕುರುವನ್ನು ಕೊಯ್ಯುವ ವೈದ್ಯನ ದೃಷ್ಟಾಂತವನ್ನು ಕೊಟ್ಟು, ನೋವಾದರೂ ಅಲ್ಲಿ ಪಾಪಬಂಧವಿಲ್ಲವೆಂದು ಸ್ಪಷ್ಟಪಡಿಸಿದ್ದಾರೆ. ಬೆಕ್ಕಿನ ಸೂಜಿ ಕೂದಲಿನಷ್ಟು ಸಣ್ಣದು. ಹೆಗಲಿನ ಅಥವಾ ಪಕ್ಕೆಯ ಸಡಿಲ ಚರ್ಮವನ್ನು ಎತ್ತಿ ಚುಚ್ಚಿದರೆ, ತಿನ್ನುತ್ತಿರುವ ಬೆಕ್ಕು ಅನೇಕ ಬಾರಿ ತಲೆಯನ್ನೂ ಎತ್ತುವುದಿಲ್ಲ. ಭಯಪಡಬೇಕಾದದ್ದು ಪ್ರಮಾದಕ್ಕೆ. ನಮ್ಮ ದೇಶದಲ್ಲಿ ಇನ್ಸುಲಿನ್ ಎರಡು ಸಾಂದ್ರತೆಗಳಲ್ಲಿ ಬರುತ್ತದೆ: ಮಿಲಿಲೀಟರಿಗೆ 40 ಯೂನಿಟ್ಟಿನದು, 100 ಯೂನಿಟ್ಟಿನದು. ಒಂದಕ್ಕೆ ಕೆಂಪು ಮುಚ್ಚಳದ ಸಿರಿಂಜು, ಇನ್ನೊಂದಕ್ಕೆ ಕಿತ್ತಳೆ ಬಣ್ಣದ್ದು. 100ರ ಔಷಧವನ್ನು 40ರ ಸಿರಿಂಜಿನಲ್ಲಿ ಎಳೆದರೆ ಒಂದು ಗೆರೆಗೆ ಎರಡೂವರೆ ಪಟ್ಟು ಔಷಧ ಹೋಗುತ್ತದೆ. ಒಂದೆರಡು ಯೂನಿಟ್ಟಿನಿಂದ ಚಿಕಿತ್ಸೆ ಆರಂಭವಾಗುವ ಪುಟ್ಟ ದೇಹಕ್ಕೆ ಇದು ಮಾರಕ. ಹಿಂಸೆಯ ಲಕ್ಷಣವನ್ನು ಹೇಳುವಾಗ ಸೂತ್ರಕಾರರು ಪ್ರಮಾದವನ್ನು ಮೊದಲಿಗಿಟ್ಟದ್ದು ಏಕೆಂಬುದು ಇಂಥಲ್ಲಿ ತಿಳಿಯುತ್ತದೆ. ಬೆಕ್ಕು ತಿನ್ನದ ದಿನ ಎಂದಿನ ಪ್ರಮಾಣವನ್ನು ಕಣ್ಣುಮುಚ್ಚಿ ಚುಚ್ಚಬಾರದು, ವೈದ್ಯರನ್ನು ಕೇಳಬೇಕು. ಸಕ್ಕರೆ ವಿಪರೀತ ಇಳಿದು ಅದು ತೂರಾಡಿದರೆ, ನಡುಗಿದರೆ, ಒಸಡಿಗೆ ಜೇನು ಸವರಿ ಕೂಡಲೇ ಕರೆತನ್ನಿರೆಂದು ವೈದ್ಯರು ಹೇಳುತ್ತಾರೆ. ಮಧುತ್ಯಾಗವು ಮೂಲಗುಣಗಳಲ್ಲಿ ಸೇರಿರುವ ಮನೆಯಲ್ಲಿ ಜೇನು ಎಲ್ಲಿಂದ ಬರಬೇಕು? ಸಕ್ಕರೆಯ ಗಟ್ಟಿ ಪಾಕವೋ ಗ್ಲೂಕೋಸ್ ನೀರೋ ಅದೇ ಕೆಲಸವನ್ನು ಮಾಡುತ್ತದೆ. ಇಂಥ ತೊಡಕುಗಳನ್ನೇ ದೊಡ್ಡದುಮಾಡಿ ಚಿಕಿತ್ಸೆಯನ್ನು ಬಿಡುವವರಿಗೆ ಚಿಕಿತ್ಸೆಯಲ್ಲಿ ಮನಸ್ಸಿಲ್ಲವೆಂದೇ ಹೇಳಬೇಕಾಗುತ್ತದೆ.

ಔಷಧದ ಮೂಲವನ್ನು ವಿಚಾರಿಸುವುದು ಮಾತ್ರ ಯುಕ್ತವೇ. 1921ರಲ್ಲಿ ಟೊರಾಂಟೊ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬವರು ಇನ್ಸುಲಿನ್ನನ್ನು ಬೇರ್ಪಡಿಸಿದಂದಿನಿಂದ ದಶಕಗಳ ಕಾಲ ಅದು ಕಸಾಯಿಖಾನೆಯ ದನ, ಹಂದಿಗಳ ಮೇದೋಜೀರಕ ಗ್ರಂಥಿಯಿಂದಲೇ ಬರುತ್ತಿತ್ತು. 1978ರಲ್ಲಿ ಮಾನವ ಇನ್ಸುಲಿನ್ನನ್ನು ಬ್ಯಾಕ್ಟೀರಿಯಾಗಳಲ್ಲಿ ತಯಾರಿಸುವ ವಿಧಾನ ಸಿದ್ಧಿಸಿತು. 1982ರಲ್ಲಿ ಅದು ಅಮೆರಿಕದಲ್ಲಿ ಬಳಕೆಗೆ ಬಂದಿತು. 2004ರಲ್ಲಿ ಬೆಂಗಳೂರಿನ ಬಯೋಕಾನ್ ಸಂಸ್ಥೆ ಯೀಸ್ಟಿನಿಂದ ತಯಾರಿಸಿದುದನ್ನು ಮಾರುಕಟ್ಟೆಗೆ ತಂದಿತು. ಬೆಕ್ಕುಗಳಿಗೆ ವೈದ್ಯರು ಬರೆದುಕೊಡುವ ಗ್ಲಾರ್ಜಿನ್ ಎಂಬುದೂ ಇಂಥ ಸೂಕ್ಷ್ಮಜೀವಿಗಳಿಂದಲೇ ಆದದ್ದು. ಆದರೆ ಪಶುಗಳಿಗೆಂದೇ ಮಾರುವ ಕ್ಯಾನಿನ್ಸುಲಿನ್ ಹಂದಿಯ ಗ್ರಂಥಿಯದು. ಬಾಟಲಿಯನ್ನು ಕೊಳ್ಳುವ ಮುನ್ನ ಕೇಳಿದರೆ ವೈದ್ಯರು ಹೇಳುತ್ತಾರೆ. ಕೇಳುವುದಕ್ಕೆ ಸಂಕೋಚ ಬೇಡ.

ಕಠಿನವಾದುದು ಆಹಾರದ ಪ್ರಶ್ನೆ. ಬೆಕ್ಕು ಮಾಂಸದಿಂದಲೇ ಬದುಕುವಂತೆ ಹುಟ್ಟಿದ ಪ್ರಾಣಿ. ಟಾರಿನ್ ಮೊದಲಾದ ಕೆಲವು ಪೋಷಕಾಂಶಗಳನ್ನು ಅದರ ದೇಹವು ಸಾಕಷ್ಟು ತಯಾರಿಸಿಕೊಳ್ಳಲಾರದು. ಪಿಷ್ಟವನ್ನು ಸುಲಭವಾಗಿ ಅರಗಿಸಿಕೊಳ್ಳಲಾರದು. ಪಿಷ್ಟ ಕಡಿಮೆಯಾದ ಮಾಂಸಾಹಾರವನ್ನೂ ಇನ್ಸುಲಿನ್ನನ್ನೂ ಬೇಗನೆ ಆರಂಭಿಸಿದರೆ ಕೆಲವು ಬೆಕ್ಕುಗಳಿಗೆ ಕೆಲವು ತಿಂಗಳಲ್ಲಿ ಸೂಜಿಯೇ ಬೇಡವಾಗುತ್ತದೆ. ಹಾಲು ರೊಟ್ಟಿಯನ್ನೇ ಮುಂದುವರಿಸಿದರೆ ಆ ಸಂಭವ ಬಹಳ ಕಡಿಮೆ. ಹಾಗಿರುವಾಗ ಕೃತ, ಕಾರಿತ, ಅನುಮೋದನೆಗಳೆಂಬ ಮೂರು ಬಾಗಿಲುಗಳಲ್ಲಿಯೂ ಹಿಂಸೆಯನ್ನು ತಡೆಯಬೇಕಾದ ಶ್ರಾವಕನು ಏನು ಮಾಡಬೇಕು? ಅಂಗಡಿಯಿಂದ ಮೀನಿನ ಡಬ್ಬಿಯನ್ನು ತಂದರೆ ಕಾರಿತವಾಯಿತು. ನೆರೆಯವರಿಗೆ ಹಣ ಕೊಟ್ಟು ಅವರಿಂದ ಹಾಕಿಸಿದರೂ ಅದೇ ಕಾರಿತ, ಕೈ ಮಾತ್ರ ಬೇರೆ. ಒಂದು ಬೆಕ್ಕು ಬದುಕಲು ವರ್ಷಕ್ಕೆ ಎಷ್ಟು ಪಂಚೇಂದ್ರಿಯ ಜೀವಗಳು ಹೋಗಬೇಕೆಂದು ಯಾರಾದರೂ ಕೇಳಿದರೆ ಉತ್ತರ ಕೊಡುವುದು ಸುಲಭವಲ್ಲ.

ಈ ಲೆಕ್ಕವನ್ನು ಹಿಡಿದು ಬೆಕ್ಕನ್ನು ಸಾಯಗೊಡುವುದೇ ಮೇಲೆಂದು ವಾದಿಸುವವರಿಗೆ ಅಮೃತಚಂದ್ರಸೂರಿಗಳು ಮೊದಲೇ ಉತ್ತರ ಕೊಟ್ಟಿದ್ದಾರೆ. ಅನೇಕ ಜೀವಗಳು ಉಳಿಯುವುವೆಂದು ಒಂದು ಹಿಂಸ್ರಪ್ರಾಣಿಯನ್ನು ಕೊಲ್ಲಬಾರದೆಂದೂ, ದುಃಖದಲ್ಲಿರುವ ಜೀವವನ್ನು ದುಃಖದಿಂದ ಬಿಡಿಸುವ ನೆಪದಿಂದ ಕೊಲ್ಲಬಾರದೆಂದೂ ಪುರುಷಾರ್ಥಸಿದ್ಧ್ಯುಪಾಯದಲ್ಲಿ ಸ್ಪಷ್ಟವಾಗಿ ನಿಷೇಧಿಸಿದ್ದಾರೆ. ಎರಡನೆಯ ನಿಷೇಧವು ನೋವಿಲ್ಲದ ಸೂಜಿಯಿಂದ ಪ್ರಾಣಿಯನ್ನು ಮಲಗಿಸಿಬಿಡುವ ಈಗಿನ ಪದ್ಧತಿಗೆ ನೇರವಾಗಿ ತಗಲುತ್ತದೆ. ಅದನ್ನು ಸಲ್ಲೇಖನೆಗೆ ಹೋಲಿಸುವವರೂ ಇದ್ದಾರೆ. ಪ್ರತೀಕಾರವಿಲ್ಲದ ರೋಗದಲ್ಲಿ ತಾನಾಗಿ ಸ್ವೀಕರಿಸುವುದು ಸಲ್ಲೇಖನೆ. ಈ ರೋಗಕ್ಕೆ ಪ್ರತೀಕಾರವಿದೆ, ಬೆಕ್ಕು ಏನನ್ನೂ ಸ್ವೀಕರಿಸಿಲ್ಲ. ಹೋಲಿಕೆ ಎರಡು ಕಡೆಯೂ ಮುರಿಯುತ್ತದೆ.

ದೆಹಲಿಯ ಕೆಂಪುಕೋಟೆಯ ಎದುರು ದಿಗಂಬರ ಜೈನ ಲಾಲ್ ಮಂದಿರದ ಆವರಣದಲ್ಲಿರುವ, 1930ರ ಸುಮಾರಿನಲ್ಲಿ ಆರಂಭವಾದ ಧರ್ಮಾರ್ಥ ಪಕ್ಷಿ ಆಸ್ಪತ್ರೆಯವರು ಇದೇ ತೊಡಕನ್ನು ಎದುರಿಸಿದ್ದಾರೆ. ಗಾಯಗೊಂಡ ಪಾರಿವಾಳ, ಗಿಳಿಗಳನ್ನು ಅವರು ಒಳಗಿರಿಸಿಕೊಂಡು ಕಾಳು ಹಾಕುತ್ತಾರೆ. ಹದ್ದು ಗಿಡುಗಗಳಿಗೆ ಮದ್ದು ಹಚ್ಚಿ ಪಟ್ಟಿ ಕಟ್ಟಿ ಅಂದೇ ಹಿಂದಿರುಗಿಸುತ್ತಾರೆ, ಒಳಗಿರಿಸಿಕೊಳ್ಳುವುದಿಲ್ಲ. ಚಿಕಿತ್ಸೆಗೆ ಭೇದವಿಲ್ಲ, ಆಹಾರಕ್ಕೆ ಭೇದವಿದೆ. ಸಂಸ್ಥೆಗೆ ಇದು ಸರಿಯಾದ ಮಾರ್ಗ, ಏಕೆಂದರೆ ಹದ್ದು ಅವರನ್ನು ನಂಬಿ ಎಂಟು ವರ್ಷ ಬದುಕಿಲ್ಲ. ಮನೆಯ ಬೆಕ್ಕಿನ ಸ್ಥಿತಿ ಹಾಗಲ್ಲ. ಬೆಕ್ಕು ಮೊದಲಾದ ಹಿಂಸ್ರಜಂತುಗಳನ್ನು ಸಾಕುವುದನ್ನು ಸ್ವಾಮಿ ಕಾರ್ತಿಕೇಯರು ಅನುಪ್ರೇಕ್ಷೆಯಲ್ಲಿ ಅನರ್ಥದಂಡಗಳೊಳಗೆ ಎಣಿಸಿದ್ದಾರೆ. ಮರಿಯನ್ನು ಒಳಗೆ ಬಿಟ್ಟುಕೊಂಡ ದಿನವೇ, ಇಲಿಯ ಕಾಟ ತಪ್ಪಿತೆಂದು ಸಂತೋಷಪಟ್ಟ ದಿನವೇ, ಅನುಮೋದನೆ ಆಗಿಹೋಗಿದೆ. ಅಂದಿನ ಲಾಭಕ್ಕೆ ಕಣ್ಣುಮುಚ್ಚಿದವರು ಇಂದು ಖರ್ಚು ಬಂದಾಗ ಮಾತ್ರ ಶಾಸ್ತ್ರವನ್ನು ತೆರೆದರೆ ಅದು ಶಾಸ್ತ್ರಶ್ರದ್ಧೆಯಾಗುವುದೇ?

ಇಲ್ಲಿ ದೋಷವಿಲ್ಲದ ದಾರಿಯಿಲ್ಲ. ಮೀನಿನ ಡಬ್ಬಿಯನ್ನು ತರುವುದು ಧರ್ಮವೆಂದು ಯಾರೂ ಹೇಳಲಾಗದು. ಅದು ದೋಷವೇ, ಪ್ರತಿಕ್ರಮಣದಲ್ಲಿ ಹೆಸರು ಹಿಡಿದು ಆಲೋಚನೆ ಮಾಡಬೇಕಾದ ದೋಷ. ತರಲಾರೆನೆನ್ನುವವನ ವ್ರತವನ್ನು ಹಳಿಯುವುದೂ ಸಲ್ಲದು. ಅಂಥವನು ಸಹಜವಾಗಿ ಮಾಂಸಾಹಾರವಿರುವ ಬೇರೆ ಮನೆಯವರು ಬೆಕ್ಕನ್ನು ಮನಸಾರೆ ಒಪ್ಪಿಕೊಂಡರೆ ಅಲ್ಲಿಗೆ ಬಿಟ್ಟು, ಔಷಧದ ವೆಚ್ಚವನ್ನು ತಾನು ಹೊರಬಹುದು. ಅದೂ ಆಗದಿದ್ದರೆ ಹಾಲು ರೊಟ್ಟಿಯನ್ನೇ ಅಳತೆ, ಹೊತ್ತು ತಪ್ಪದೆ ಹಾಕಿ, ಅದಕ್ಕೆ ತಕ್ಕಂತೆ ಇನ್ಸುಲಿನ್ ಪ್ರಮಾಣವನ್ನು ವೈದ್ಯರಿಂದ ಹೊಂದಿಸಿಕೊಂಡು, ರೋಗ ಪೂರ್ತಿ ಹತೋಟಿಗೆ ಬಾರದೆಂದು ಅರಿತೇ ನಡೆಸಬೇಕಾಗುತ್ತದೆ. ಆದರೆ ತನ್ನ ವ್ರತದ ಶುದ್ಧಿಗೆ ತಗಲುವ ಬೆಲೆಯನ್ನು ಬೆಕ್ಕಿನ ಹೊಟ್ಟೆಯಿಂದ ವಸೂಲು ಮಾಡುವ ಅಧಿಕಾರ ಯಾರಿಗೂ ಇಲ್ಲ. ವ್ರತವನ್ನು ತೆಗೆದುಕೊಂಡವನೇ ಅದರ ಭಾರವನ್ನು ಹೊರಬೇಕು. ಕೈಕೆಳಗಿನ ಜೀವಕ್ಕೆ ಹೊರಿಸಿದರೆ ಅದಕ್ಕೂ ಸೂತ್ರದಲ್ಲಿ ಹೆಸರುಂಟು, ಅತಿಭಾರಾರೋಪಣ.

ತೊರವಿಯ ಮನೆಯಲ್ಲಿ ವ್ಯವಸ್ಥೆ ಹೀಗಾಯಿತೆನ್ನೋಣ. ಮುಚ್ಚಿದ ಡಬ್ಬಿಗಳನ್ನು ಸೊಸೆಯೇ ತಂದು ದನದ ಕೊಟ್ಟಿಗೆಯ ಗೂಡಿನಲ್ಲಿ ಇಡುತ್ತಾಳೆ. ಆ ಬೋಗುಣಿ, ಚಮಚಗಳು ಒಳಗೆ ಬರುವುದಿಲ್ಲ. ಅವಳು ಆ ತಿಂಗಳಿನಿಂದ ತಾನು ಇಷ್ಟಪಡುವ ಎರಡು ಪದಾರ್ಥಗಳನ್ನು ತ್ಯಜಿಸಿದ್ದಾಳೆ. ಯಾವುವೆಂದು ಯಾರಿಗೂ ಹೇಳಿಲ್ಲ. ಸೂಜಿಯ ಹೊತ್ತು ಬೆಳಗಿನ ಐದೂವರೆ, ಸಂಜೆಯ ಐದೂವರೆ. ಆ ಸೀಮೆಯಲ್ಲಿ ಚಳಿಗಾಲದಲ್ಲಿಯೂ ಸೂರ್ಯನು ಮುಳುಗುವುದು ಆರರ ಹತ್ತಿರವಾದುದರಿಂದ ಬೆಕ್ಕಿನ ಸಂಜೆಯ ಊಟವೂ ಮನೆಯವರ ಊಟದಂತೆ ಹಗಲಿನಲ್ಲಿಯೇ ಮುಗಿಯುತ್ತದೆ. ಡಬ್ಬಿಯನ್ನು ಮುಟ್ಟದ ಹಿರಿಯಾಕೆ ಸಿರಿಂಜನ್ನು ಹಿಡಿಯಲು ಕಲಿತಿದ್ದಾಳೆ. ಚತುರ್ದಶಿಯ ಉಪವಾಸದ ದಿನವೂ ಅವಳ ಕೈ ನಡುಗುವುದಿಲ್ಲ. ಕೆಂಪು ಮುಚ್ಚಳವೋ ಕಿತ್ತಳೆಯೋ ಎಂದು ಎರಡು ಬಾರಿ ಬೆಳಕಿಗೆ ಹಿಡಿದು ನೋಡಿದ ಮೇಲೆಯೇ ಚುಚ್ಚುತ್ತಾಳೆ.

ಮುಂದಿನ ತಿಂಗಳು ಊರವರೆಲ್ಲ ಸೇರಿ ಬಸ್ಸು ಮಾಡಿಕೊಂಡು ಶ್ರವಣಬೆಳಗೊಳಕ್ಕೆ ಹೊರಡುವವರಿದ್ದಾರೆ. ನಾಲ್ಕು ದಿನ ಬೆಕ್ಕಿಗೆ ಸೂಜಿ ಹಾಕುವವರು ಯಾರೆಂದು ಸೊಸೆ ಕೇಳಿದಳು. ಅತ್ತೆ ಜಪಮಾಲೆಯನ್ನು ಗೂಟಕ್ಕೆ ಹಾಕುತ್ತ, “ನೀವು ಹೋಗಿ ಬರ್ರಿ. ನಾ ಮನ್ಯಾಗ ಇರತೀನಿ” ಎಂದಳು.