ಹೆಸರು ಹೇಳುವ ಅವಸರ

ಕಾಯಿಲೆಗೆ ಹೆಸರು ಸಿಕ್ಕಿತೆಂದರೆ ಅರ್ಧ ಗುಣವಾದಂತೆ ಎಂದು ನಾವೆಲ್ಲ ನಂಬಿದ್ದೇವೆ. ಮಲಗಿದವರನ್ನು ನೋಡಲು ಹೋದರೆ ನಾವು ಕೇಳುವ ಮೊದಲ ಪ್ರಶ್ನೆ "ಹೇಗಿದ್ದೀರಿ" ಎಂದಲ್ಲ, "ಏನಂತೆ?" ಎಂದು. ಟೈಫಾಯಿಡ್ ಅಂತೆ, ಕಾಮಾಲೆಯಂತೆ ಎಂದು ಒಂದು ಹೆಸರು ಕಿವಿಗೆ ಬಿದ್ದರೆ ನಮಗೂ ಸಮಾಧಾನ. "ಇನ್ನೂ ಗೊತ್ತಾಗಿಲ್ಲವಂತೆ" ಎಂದರೋ, ರೋಗಿಗಿಂತ ಮೊದಲು ವೈದ್ಯರ ಮೇಲೆ ಅನುಮಾನ. ಆದರೆ ಗೊತ್ತಿಲ್ಲ ಎನ್ನುವುದು ಯಾವಾಗಲೂ ಅಜ್ಞಾನವೇ? ಅದು ಪ್ರಾಮಾಣಿಕತೆಯೂ ಆಗಿರಬಹುದಲ್ಲವೇ?

ನನ್ನನ್ನು ಈ ಪ್ರಶ್ನೆಗೆ ಹಚ್ಚಿದ್ದು ಕರುಳಿನ ಕಾಯಿಲೆ. ಕನ್ನಡದಲ್ಲಿ ಕರುಳಿಗೆ ದೊಡ್ಡ ಮರ್ಯಾದೆ. ಮಗು ಕರುಳ ಕುಡಿ. ಅದು ಅತ್ತರೆ ನಮ್ಮ ಕರುಳು ಚುರ್ ಎನ್ನುತ್ತದೆ. ಅದೇ ಕರುಳಿನಲ್ಲಿ ಹುಣ್ಣಾದರೆ ಮಾತ್ರ ಬಾಯಿ ಕಟ್ಟಿಹೋಗುತ್ತದೆ. ದಿನಕ್ಕೆ ಎಂಟು ಸಲ ಹೊರಕಡೆಗೆ ಹೋಗಬೇಕಾಗುತ್ತದೆ, ರಕ್ತ ಬೀಳುತ್ತದೆ ಎಂದು ಯಾವ ಹೆಂಗಸು ಮನೆಯವರೆದುರು ಸುಲಭವಾಗಿ ಹೇಳುತ್ತಾಳೆ? ಮೂಲವ್ಯಾಧಿ ಇರಬೇಕೆಂದು ತನಗೆ ತಾನೇ ಹೆಸರಿಟ್ಟುಕೊಂಡು ಮಜ್ಜಿಗೆ ಕುಡಿದು ಸುಮ್ಮನಾಗುತ್ತಾಳೆ.

ನನ್ನ ತಂಗಿಯ ಮಗಳು ಹಾಗೆ ಒಂದು ವರ್ಷ ಸುಮ್ಮನಿದ್ದಳು. ಹೊಟ್ಟೆಯ ಬಲಭಾಗದಲ್ಲಿ ನೋವು, ಸಂಜೆಯಾದರೆ ಸಣ್ಣ ಜ್ವರ, ಆಗಾಗ ಭೇದಿ. ರವಿಕೆಗಳೆಲ್ಲ ಸಡಿಲವಾದ ಮೇಲೆ ತಾಯಿಯ ಕಣ್ಣಿಗೆ ಬಿತ್ತು. ಬೆಂಗಳೂರಿನಲ್ಲಿ ಕೊಲೊನೋಸ್ಕೋಪಿ ಮಾಡಿ ಒಳಗಿನ ಹುಣ್ಣು ನೋಡಿದರು, ಚೂರು ಮಾಂಸ ತೆಗೆದು ಪರೀಕ್ಷೆಗೆ ಕಳಿಸಿದರು. ಎಲ್ಲ ಆದ ಮೇಲೆ ವೈದ್ಯರು ಹೇಳಿದ್ದು ಇಷ್ಟು: "ಅಮ್ಮಾ, ಇದು ಕ್ರೋನ್ಸ್ ಇರಬಹುದು, ಕರುಳಿನ ಕ್ಷಯವೂ ಇರಬಹುದು. ಯಾವುದು ಅಂತ ಇವತ್ತು ನಾನು ಹೇಳಲಾರೆ."

ತಂಗಿ ಹೊರಗೆ ಬಂದವಳೇ, "ಅಕ್ಕಾ, ಇಷ್ಟು ದುಡ್ಡು ತಗೊಂಡು ಗೊತ್ತಿಲ್ಲ ಅಂತಾರಲ್ಲೇ. ಬೇರೆ ಕಡೆ ತೋರಿಸೋಣ" ಎಂದಳು. ಅವಳ ಸಂಕಟ ಸುಳ್ಳಲ್ಲ. ಆದರೆ ವಿಷಯ ತಿಳಿದುಕೊಳ್ಳುತ್ತಾ ಹೋದಂತೆ ನನಗೆ ಆ ವೈದ್ಯರ ಮಾತಿನ ತೂಕ ತಿಳಿಯಿತು.

ಕರುಳಿನ ಉರಿಯೂತದ ಕಾಯಿಲೆಯಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು ಅಲ್ಸರೇಟಿವ್ ಕೊಲೈಟಿಸ್. ಅದು ದೊಡ್ಡ ಕರುಳಿನದು. ಸಾಮಾನ್ಯವಾಗಿ ಗುದನಾಳದಲ್ಲಿ ಶುರುವಾಗಿ, ನಡುವೆ ಜಾಗ ಬಿಡದೆ ಮೇಲಕ್ಕೆ ಹಬ್ಬುತ್ತದೆ, ಒಳಪದರದಲ್ಲೇ ಉಳಿಯುತ್ತದೆ, ರಕ್ತ, ಲೋಳೆ ಬೀಳುವುದು ಹೆಚ್ಚು. ಇನ್ನೊಂದು ಕ್ರೋನ್ಸ್. ಅದು ಬಾಯಿಂದ ಗುದದವರೆಗೆ ಎಲ್ಲಿ ಬೇಕಾದರೂ ಬರಬಹುದು, ಸಣ್ಣ ಕರುಳಿನ ಕೊನೆಯ ಭಾಗ ಅದಕ್ಕೆ ಬಲು ಇಷ್ಟ. ಇಲ್ಲೊಂದು ತೇಪೆ, ಅಲ್ಲೊಂದು ತೇಪೆ, ನಡುವೆ ಚೆನ್ನಾಗಿರುವ ಕರುಳು. ಗೋಡೆಯ ಪೂರ್ತಿ ದಪ್ಪಕ್ಕೆ ಇಳಿಯುತ್ತದೆ. ಹಾಗಾಗಿ ಕರುಳು ಕಿರಿದಾಗುವುದು, ತೂತು ಬಿದ್ದು ಪಕ್ಕಕ್ಕೆ ದಾರಿ ಮಾಡಿಕೊಳ್ಳುವುದು ಇದರಲ್ಲಿ ಹೆಚ್ಚು.

ಈ ವ್ಯತ್ಯಾಸ ಬರೀ ಪುಸ್ತಕದ ಮಾತಲ್ಲ. ಕೊಲೈಟಿಸ್ ಔಷಧಿಗೆ ಬಗ್ಗದಿದ್ದರೆ ದೊಡ್ಡ ಕರುಳನ್ನು ಪೂರ್ತಿ ತೆಗೆದು ಆ ರೋಗದ ಬೇರನ್ನೇ ಕೀಳಬಹುದು. ಕ್ರೋನ್ಸ್‌ನಲ್ಲಿ ಕೆಟ್ಟ ಭಾಗ ತೆಗೆದರೂ ಮತ್ತೊಂದು ಕಡೆ ತಲೆಯೆತ್ತಬಹುದು. ಇನ್ನು ಕ್ಷಯವೂ ಕ್ರೋನ್ಸ್‌ನಂತೆ ಸಣ್ಣ ಕರುಳು ದೊಡ್ಡ ಕರುಳು ಸೇರುವ ಜಾಗದಲ್ಲೇ ಕೂರುತ್ತದೆ. ಕ್ಷಯ ಹೆಚ್ಚಿರುವ ನಮ್ಮ ದೇಶದಲ್ಲಿ ಇವೆರಡನ್ನು ಬೇರೆ ಮಾಡುವುದು ಪಳಗಿದವರಿಗೂ ಕಷ್ಟ. ಕ್ಷಯವನ್ನು ಕ್ರೋನ್ಸ್ ಎಂದುಕೊಂಡು ಸ್ಟೀರಾಯ್ಡ್ ಕೊಟ್ಟರೆ ಕ್ಷಯ ಮೈಯೆಲ್ಲ ಹರಡಬಹುದು. ಕ್ರೋನ್ಸನ್ನು ಕ್ಷಯವೆಂದುಕೊಂಡರೆ ತಿಂಗಳುಗಟ್ಟಲೆ ಬೇಡದ ಮಾತ್ರೆ ನುಂಗಿ, ರೋಗ ಒಳಗೇ ಬೆಳೆಯುತ್ತದೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ನಮಗೆ ಬಾಯಿಪಾಠ. ಆದರೆ ಸುಣ್ಣದ ನೀರೋ ಹಾಲೋ ಎಂದು ನೋಡುವಷ್ಟು ಹೊತ್ತು ಕಾಯಲು ಮಾತ್ರ ಮನಸ್ಸಿಲ್ಲ.

ಅವಸರದ ಹೆಸರು ಏನು ಮಾಡೀತು ಎಂಬುದಕ್ಕೆ ಹಳೆಯದೊಂದು ನಿಜಸಂಗತಿ ಇದೆ. 1859ರಲ್ಲಿ ಇಂಗ್ಲೆಂಡಿನಲ್ಲಿ ಇಸಬೆಲ್ಲಾ ಬ್ಯಾಂಕ್ಸ್ ಎಂಬ ಹೆಂಗಸು ವಾಂತಿ ಭೇದಿಯಿಂದ ನರಳಿ ಸತ್ತಳು. ಅವಳ ಜೊತೆಗಿದ್ದ ಡಾಕ್ಟರ್ ಸ್ಮೆಥರ್ಸ್ಟ್, ಹೆಂಡತಿ ಬದುಕಿರುವಾಗಲೇ ಇವಳನ್ನು ಮದುವೆಯಾದವನು. ವಿಷ ಹಾಕಿದನೆಂದು ಅವನಿಗೆ ಮರಣದಂಡನೆಯಾಯಿತು. ಆದರೆ ಪಾಷಾಣ ಸಿಕ್ಕಿತೆಂದು ಮೊದಲು ಹೇಳಿದ್ದ ತಜ್ಞರು, ಅದು ತಮ್ಮ ಪರೀಕ್ಷೆಗೆ ಬಳಸಿದ ತಾಮ್ರದಿಂದಲೇ ಬಂದದ್ದೆಂದು ಒಪ್ಪಿಕೊಳ್ಳಬೇಕಾಯಿತು. ಅವಳ ಕರುಳನ್ನು ಪರೀಕ್ಷಿಸಿದ ಸ್ಯಾಮ್ಯುಯೆಲ್ ವಿಲ್ಕ್ಸ್ ಎಂಬ ವೈದ್ಯರು ಅಲ್ಲಿದ್ದ ಉರಿಯೂತ, ಹುಣ್ಣುಗಳನ್ನು ವಿವರವಾಗಿ ಬರೆದಿಟ್ಟರು. ಕೊನೆಗೆ ಕೊಲೆಯ ಆರೋಪದಿಂದ ಅವನಿಗೆ ಕ್ಷಮೆ ಸಿಕ್ಕಿತು; ಎರಡನೆಯ ಮದುವೆಯ ತಪ್ಪಿಗೆ ಒಂದು ವರ್ಷ ಜೈಲಾಯಿತು. ಅವನು ಕೆಟ್ಟವನೇ ಇರಬಹುದು. ಆದರೆ ಕೆಟ್ಟವನು ಎಂಬುದರಿಂದ ಕೊಲೆಗಾರ ಎಂಬುದು ತಾನಾಗಿ ಬರುವುದಿಲ್ಲ.

ವಿಲ್ಕ್ಸ್ ಬರೆದದ್ದನ್ನು ಬಹುಕಾಲ ಅಲ್ಸರೇಟಿವ್ ಕೊಲೈಟಿಸ್‌ನ ಮೊದಲ ವರ್ಣನೆ ಎಂದು ಕರೆದರು. ಮುಂದೆ 1932ರಲ್ಲಿ ನ್ಯೂಯಾರ್ಕಿನ ಕ್ರೋನ್, ಗಿನ್ಜ್‌ಬರ್ಗ್, ಓಪನ್‌ಹೈಮರ್ ಇನ್ನೊಂದು ರೋಗವನ್ನು ಬೇರೆ ಮಾಡಿ ತೋರಿಸಿದರು. ಅಕ್ಷರಮಾಲೆಯಲ್ಲಿ ಮೊದಲು ಬಂದ ಕ್ರೋನ್ ಹೆಸರೇ ರೋಗಕ್ಕೂ ನಿಂತಿತು. ಆ ಮೇಲೆ ಓದಿದವರಿಗೆ, ವಿಲ್ಕ್ಸ್ ಕಂಡದ್ದು ಈ ಕ್ರೋನ್ಸೇ ಇರಬೇಕೆನ್ನಿಸಿತು. ಅವರು ಹೆಸರಿಗಿಂತ ಮೊದಲು ಕಂಡದ್ದನ್ನು ಕಂಡಂತೆ ಬರೆದಿದ್ದರು. ಹಾಗೆಂದೇ ಆ ಬರಹ ಇಂದಿಗೂ ಉಪಯೋಗಕ್ಕೆ ಬರುತ್ತದೆ.

ಇಂದಿಗೂ ದೊಡ್ಡ ಕರುಳಿನ ಉರಿಯೂತದವರಲ್ಲಿ ನೂರಕ್ಕೆ ಸುಮಾರು ಹತ್ತು ಮಂದಿಗೆ ಇದು ಆ ಬಗೆ, ಇದು ಈ ಬಗೆ ಎಂದು ಖಚಿತವಾಗಿ ಹೇಳಲಾಗುವುದಿಲ್ಲ. ವೈದ್ಯರು ಅದನ್ನು "ಇನ್ನೂ ವಿಂಗಡಿಸದ್ದು" ಎಂದೇ ಬರೆಯುತ್ತಾರೆ. ಗೊತ್ತಿಲ್ಲದಿರುವುದಕ್ಕೂ ಶಾಸ್ತ್ರದಲ್ಲಿ ಒಂದು ಜಾಗ ಕೊಟ್ಟಿರುವುದು ನನಗೆ ದೊಡ್ಡ ನೀತಿಯಾಗಿ ಕಾಣುತ್ತದೆ.

ಹಾಗೆಂದು ಗೊತ್ತಿಲ್ಲ ಎಂದ ಮಾತ್ರಕ್ಕೆ ಯಾರೂ ದೊಡ್ಡವರಾಗುವುದಿಲ್ಲ. ಗೊತ್ತಿಲ್ಲ, ಹೋಗಿ ಎನ್ನುವುದು ಒಂದು. ಗೊತ್ತಿಲ್ಲ, ಗೊತ್ತುಮಾಡಿಕೊಳ್ಳಲು ಹೀಗೆ ಮಾಡೋಣ ಎನ್ನುವುದು ಇನ್ನೊಂದು. ಆ ವೈದ್ಯರು ಹೇಳಿದ್ದು ಎರಡನೆಯದನ್ನು. ಕ್ಷಯದ ಔಷಧಿ ಶುರುಮಾಡಿ, ಮೂರು ತಿಂಗಳಿಗೆ ಮತ್ತೆ ಒಳಗೆ ನೋಡಿದರು. ಕ್ಷಯವಾಗಿದ್ದರೆ ಹುಣ್ಣು ಮಾಯಬೇಕಿತ್ತು, ಮಾಯಲಿಲ್ಲ. ಆಗ ಕ್ರೋನ್ಸ್ ಎಂದು ಹೇಳಿ ಚಿಕಿತ್ಸೆ ಬದಲಿಸಿದರು. ಆ ಮೂರು ತಿಂಗಳು ಹುಡುಗಿ ನರಳಿದಳು, ಅದನ್ನು ಮುಚ್ಚಿಡಲಾರೆ. ಕಾಯುವುದಕ್ಕೂ ಬೆಲೆಯಿದೆ, ಅದನ್ನು ತೆರುವವಳು ರೋಗಿಯೇ.

ಆದ್ದರಿಂದಲೇ ಹೆಸರು ಯಾರಿಗೆ ಬೇಕು ಎಂದು ಕೇಳಿಕೊಳ್ಳಬೇಕು. ಔಷಧಿಗಾಗಿ ಬೇಕಾದ ಹೆಸರು ರೋಗಿಯದು. ಅದಕ್ಕೆ ಅವಸರ ಸಲ್ಲದು. ಬಂದವರಿಗೆ ಹೇಳಲು, "ಹೊರಗಡೆ ತಿಂದದ್ದಕ್ಕೇ ಬಂತು" ಎಂದು ದೂರಲು ಬೇಕಾದ ಹೆಸರು ನಮ್ಮದು. ಅದು ಇಲ್ಲದಿದ್ದರೂ ನಡೆಯುತ್ತದೆ. ಇದರ ಜೊತೆಗೆ ನಮ್ಮ ಪಾಲಿನ ಕೆಲಸವೂ ಒಂದಿದೆ. ರಕ್ತ ಬಿತ್ತೇ, ಎಷ್ಟು ದಿನದಿಂದ, ರಾತ್ರಿ ಎಬ್ಬಿಸುತ್ತದೆಯೇ, ತೂಕ ಇಳಿಯಿತೇ ಎಂದು ಕೇಳಿದಾಗ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳದೆ ಇದ್ದದ್ದನ್ನು ಇದ್ದಹಾಗೆ ಹೇಳುವುದು. ವೈದ್ಯರು ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಬೇಕಾದರೆ, ಗೊತ್ತಿರುವುದನ್ನು ನಾವೂ ಬಚ್ಚಿಡಬಾರದು.